ವಿಟಮಿನ್ ಡಿ ಕಡಿಮೆ ಅಂತ ರಿಪೋರ್ಟ್ ಬಂತಾ? ಬಿಸಿಲಿನ ಜೊತೆ ನಿಮ್ಮ ಜೀನುಗಳನ್ನೂ ಕೇಳಬೇಕು

ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ಪಿನ ರಿಪೋರ್ಟ್ ಮೊಬೈಲಿಗೆ ಬಂದ ದಿನ ಎಲ್ಲರೂ ಮೊದಲು ಹುಡುಕುವುದು ಕೆಂಪು ಅಕ್ಷರದ ಸಾಲನ್ನು. ಶುಗರ್ ಸರಿ ಇರುತ್ತೆ, ಥೈರಾಯ್ಡ್ ಸರಿ ಇರುತ್ತೆ. ಕೊನೆಯ ಪುಟದಲ್ಲಿ ವಿಟಮಿನ್ ಡಿ ಮಾತ್ರ ಕೆಂಪಗೆ ಕೂತಿರುತ್ತೆ.

ಹೀಗೊಂದು ಜೋಡಿಯನ್ನು ಊಹಿಸಿಕೊಳ್ಳಿ. ಒಂದೇ ಆಫೀಸು, ಒಂದೇ ಕ್ಯಾಬು, ಮಧ್ಯಾಹ್ನ ಒಂದೇ ಕ್ಯಾಂಟೀನಿನ ಊಟ. ಒಬ್ಬರ ವಿಟಮಿನ್ ಡಿ 14, ಇನ್ನೊಬ್ಬರದು 24. ಡಾಕ್ಟರು ಇಬ್ಬರಿಗೂ 60,000 ಯೂನಿಟ್ಟಿನ ಸ್ಯಾಶೆ ಬರೆದುಕೊಟ್ಟರು, ವಾರಕ್ಕೊಂದರಂತೆ ಎಂಟು ವಾರ. ಮತ್ತೆ ಪರೀಕ್ಷೆ ಮಾಡಿಸಿದರೆ ಒಬ್ಬರದು 45 ದಾಟಿದೆ, ಇನ್ನೊಬ್ಬರದು 26ಕ್ಕೇ ನಿಂತಿದೆ. "ಅದೇ ಔಷಧಿ, ಅದೇ ಬಿಸಿಲು. ನಂಗ್ಯಾಕೆ ಏರ್ತಿಲ್ಲ?" ಅನ್ನೋದು ಎರಡನೆಯವರ ಪ್ರಶ್ನೆ.

ಉದಾಹರಣೆ ಕಲ್ಪಿತ, ಪ್ರಶ್ನೆ ನಿಜದ್ದೇ. ಉತ್ತರದ ಒಂದು ಭಾಗ ನಾವು ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಪಡೆದು ಬಂದ ಜೀನುಗಳಲ್ಲಿದೆ. ಹಾಗಂತ "ನನ್ನ ಜೀನೇ ಸರಿಯಿಲ್ಲ" ಎಂದು ಕೈಚೆಲ್ಲುವ ಹಾಗೂ ಇಲ್ಲ, ಜೀನ್ ಪರೀಕ್ಷೆಯ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯಬೇಕಾಗಿಯೂ ಇಲ್ಲ. ಜೀನುಗಳ ಕಥೆ ಗೊತ್ತಾದರೆ ಆಗುವ ದೊಡ್ಡ ಲಾಭ ಬೇರೆಯೇ: ರಿಪೋರ್ಟಿನಲ್ಲಿರುವ ಅಂಕಿಗೂ ನಮ್ಮ ಮೈಗೆ ನಿಜವಾಗಿ ಇರುವ ಕೊರತೆಗೂ ನಡುವೆ ಒಂದು ಅಂತರವಿದೆ ಅನ್ನೋದು ಅರ್ಥವಾಗುತ್ತೆ.

ಚರ್ಮದಿಂದ ಮೂಳೆವರೆಗೆ

ವಿಟಮಿನ್ ಡಿ ಅನ್ನು ವಿಟಮಿನ್ ಅಂತ ಕರೆಯುತ್ತೇವೆ, ನಿಜದಲ್ಲಿ ಅದು ಹಾರ್ಮೋನಿನ ಕಚ್ಚಾವಸ್ತು. ಹೆಚ್ಚಿನ ಪಾಲು ತಯಾರಾಗುವುದು ನಮ್ಮ ಚರ್ಮದಲ್ಲೇ. ಚರ್ಮದಲ್ಲಿ ಕೊಲೆಸ್ಟರಾಲಿನ ಹಿಂದಿನ ಹಂತದ ಒಂದು ಕೊಬ್ಬಿನ ವಸ್ತು ಇರುತ್ತೆ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ತಾಗಿದರೆ ಅದು ವಿಟಮಿನ್ ಡಿ3 ಆಗಿ ಬದಲಾಗುತ್ತೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಲಿವರಿಗೆ. ಲಿವರ್ ಅದಕ್ಕೊಂದು ರೂಪ ಕೊಡುತ್ತೆ. ಲ್ಯಾಬಿನವರು ಅಳೆಯುವುದು ಈ ರೂಪವನ್ನೇ. ಆಮೇಲೆ ಕಿಡ್ನಿಗೆ ಹೋಗಿ ಕೊನೆಯ, ಕೆಲಸ ಮಾಡುವ ರೂಪ ಸಿಗುತ್ತೆ. ಅದು ಕರುಳಿಗೆ ಹೋಗಿ "ಊಟದಲ್ಲಿ ಬಂದ ಕ್ಯಾಲ್ಸಿಯಂ ಹೀರಿಕೋ" ಅಂತ ಹೇಳುತ್ತೆ. ಮೂಳೆ ಗಟ್ಟಿಯಾಗುವುದು ಹೀಗೆ.

ಈ ದಾರಿಯ ಪ್ರತಿ ನಿಲ್ದಾಣದಲ್ಲೂ ಒಂದೊಂದು ಜೀನು ಕೂತಿದೆ. ಮುಖ್ಯವಾದವು ನಾಲ್ಕು.

ಚರ್ಮದಲ್ಲಿ ಡಿಎಚ್‌ಸಿಆರ್7 ಎಂಬ ಜೀನು. ವಿಟಮಿನ್ ಡಿ ಆಗಬೇಕಿದ್ದ ಕಚ್ಚಾವಸ್ತುವನ್ನು ಕೊಲೆಸ್ಟರಾಲ್ ಮಾಡುವ ಕಿಣ್ವ ಇದರದ್ದು. ಈ ಕಿಣ್ವ ಹೆಚ್ಚು ಚುರುಕಾಗಿದ್ದರೆ ಬಿಸಿಲಿಗೆ ಸಿಗುವ ಕಚ್ಚಾವಸ್ತು ಕಡಿಮೆಯಾಗುತ್ತೆ. ಲಿವರಿನಲ್ಲಿ ಸಿವೈಪಿ2ಆರ್1, ಲ್ಯಾಬ್ ಅಳೆಯುವ ರೂಪವನ್ನು ತಯಾರಿಸುವುದು ಇದು. ರಕ್ತದಲ್ಲಿ ಜಿಸಿ, ವಿಟಮಿನ್ ಡಿಯನ್ನು ಹೊತ್ತು ತಿರುಗುವ ಪ್ರೋಟೀನನ್ನು ಮಾಡುವ ಜೀನು. ಕೊನೆಗೆ ಸಿವೈಪಿ24ಎ1. ಕೆಲಸ ಮುಗಿದ ವಿಟಮಿನ್ ಡಿಯನ್ನು ಒಡೆದು ಹೊರಹಾಕುವ ಕಸದ ಗಾಡಿ ಅಂತ ಬೇಕಾದರೆ ಅನ್ನಿ.

ಈ ಜೀನುಗಳು ನಮ್ಮೆಲ್ಲರಲ್ಲೂ ಇವೆ. ಆದರೆ ಅಲ್ಲಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸ ಇರುತ್ತೆ. "ಬಣ್ಣ" ಅಂತ ಬರೆದರೂ "ಬಣ್ಣಾ" ಅಂತ ಬರೆದರೂ ಓದುವವರಿಗೆ ಅರ್ಥವಾಗುವ ಹಾಗೆ, ಬಹಳಷ್ಟು ವ್ಯತ್ಯಾಸಗಳಿಂದ ಕೆಲಸ ಕೆಡುವುದಿಲ್ಲ, ವೇಗ ಒಂಚೂರು ಆಚೀಚೆ ಆಗುತ್ತೆ ಅಷ್ಟೆ.

ಜೀನಿನ ಪಾಲು ಎಷ್ಟು?

2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸನ್‌ಲೈಟ್ ಎಂಬ ಸಂಶೋಧಕರ ಒಕ್ಕೂಟದ ಅಧ್ಯಯನ ಬಂತು. ಯುರೋಪ್ ಮೂಲದ ಸುಮಾರು 34 ಸಾವಿರ ಜನರ ಜೀನುಗಳನ್ನು ಅವರ ವಿಟಮಿನ್ ಡಿ ಮಟ್ಟದ ಜೊತೆ ಇಟ್ಟು ನೋಡಿದಾಗ ಮೇಲೆ ಬಂದದ್ದು ಇದೇ ದಾರಿಯ ಜೀನುಗಳು. ಹತ್ತು ವರ್ಷದ ನಂತರ, 2020ರಲ್ಲಿ, ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಬಳಸಿ ಎರಡು ತಂಡಗಳು ಪ್ರತ್ಯೇಕವಾಗಿ ಹುಡುಕಿದವು. ಆಗ ವಿಟಮಿನ್ ಡಿಗೆ ಸಂಬಂಧಪಟ್ಟ ಜಾಗಗಳ ಸಂಖ್ಯೆ ನೂರು ದಾಟಿತು. ಚರ್ಮಕ್ಕೆ ಸಂಬಂಧಿಸಿದ ಜೀನುಗಳು, ಕೊಬ್ಬಿನ ಜೀರ್ಣಕ್ಕೆ ಸಂಬಂಧಿಸಿದವು, ಲಿವರಿನವು ಎಲ್ಲವೂ ಅದರಲ್ಲಿದ್ದವು.

ಇಷ್ಟೆಲ್ಲಾ ಸೇರಿಸಿದರೂ ಜನರ ನಡುವಿನ ವ್ಯತ್ಯಾಸದಲ್ಲಿ ಈ ಸಾಮಾನ್ಯ ಜೀನು ವ್ಯತ್ಯಾಸಗಳು ವಿವರಿಸಿದ ಪಾಲು ಶೇ. 13ರಿಂದ 16ರ ಆಸುಪಾಸು. ಉಳಿದದ್ದು? ಋತುಮಾನ, ಬಿಸಿಲಿನಲ್ಲಿ ಕಳೆಯುವ ಹೊತ್ತು, ಉಡುಪು, ಊಟ, ಮಾತ್ರೆ, ವಯಸ್ಸು, ಮೈತೂಕ. ಇದರ ಜೊತೆಗೆ ಇನ್ನೂ ಪತ್ತೆಯಾಗದ ಅಪರೂಪದ ಜೀನು ವ್ಯತ್ಯಾಸಗಳು.

ಅವಳಿಗಳ ಅಧ್ಯಯನ ನೋಡಿದರೆ ವಿಷಯ ಇನ್ನೂ ಕುತೂಹಲಕರ. ಸ್ವೀಡನ್ನಿನ ಅವಳಿಗಳಲ್ಲಿ ಬೇಸಿಗೆಯ ವಿಟಮಿನ್ ಡಿ ವ್ಯತ್ಯಾಸದ ಸುಮಾರು ಅರ್ಧದಷ್ಟು ಅನುವಂಶೀಯ ಅಂತ ಕಂಡಿತು, ಚಳಿಗಾಲದಲ್ಲಿ ಅದು ಕಾಣಲೇ ಇಲ್ಲ. ಅಮೆರಿಕದ ಪುರುಷ ಅವಳಿಗಳಲ್ಲಿ ಇದು ತಿರುಗಾಮುರುಗಾ: ಚಳಿಗಾಲದಲ್ಲಿ ಶೇ. 70ರಷ್ಟು, ಬೇಸಿಗೆಯಲ್ಲಿ ಏನೂ ಇಲ್ಲ.

ಹಾಗಾದರೆ ಯಾವುದು ಸುಳ್ಳು? ಯಾವುದೂ ಸುಳ್ಳಾಗಬೇಕಾಗಿಲ್ಲ. "ಅನುವಂಶೀಯತೆ ಶೇ. ಇಷ್ಟು" ಅನ್ನುವ ಅಂಕಿ ಜೀನಿನೊಳಗೆ ಕೆತ್ತಿಟ್ಟ ಸಂಖ್ಯೆ ಅಲ್ಲ. ಅದು ಆ ಜನ, ಆ ಜಾಗ, ಆ ಋತುವಿಗೆ ಸೇರಿದ್ದು. ಒಂದು ಹೊಲಕ್ಕೆ ಎಲ್ಲಾ ಕಡೆ ಒಂದೇ ಸಮ ನೀರು ಗೊಬ್ಬರ ಕೊಟ್ಟಿದ್ದರೆ ಪೈರುಗಳ ಎತ್ತರದ ವ್ಯತ್ಯಾಸ ಬೀಜದಿಂದಲೇ ಬಂದದ್ದು ಅನ್ನಬಹುದು. ಅರ್ಧ ಹೊಲಕ್ಕೆ ನೀರೇ ಸಿಗದಿದ್ದರೆ ಬೀಜದ ಮಾತು ಹಿಂದೆ ಸರಿಯುತ್ತೆ. ಬಿಸಿಲಿನ ವಿಷಯದಲ್ಲೂ ಅಷ್ಟೇ. ಒಂದೇ ಊರಿನಲ್ಲಿ ಒಬ್ಬರು ದಿನವಿಡೀ ಹೊಲದಲ್ಲಿ, ಇನ್ನೊಬ್ಬರು ದಿನವಿಡೀ ಎಸಿ ರೂಮಿನಲ್ಲಿ ಇದ್ದರೆ ಅವರಿಬ್ಬರ ಅಂತರಕ್ಕೆ ಜೀನನ್ನು ಮೊದಲು ಹೊಣೆ ಮಾಡಲಾಗದು.

ಟ್ಯಾಂಕರಿನ ನೀರು, ನಲ್ಲಿಯ ನೀರು

ಈಗ ಅಸಲಿ ವಿಷಯಕ್ಕೆ ಬರೋಣ. ಮೇಲಿನ ನಾಲ್ಕರಲ್ಲಿ ವಿಟಮಿನ್ ಡಿ ಅಂಕಿಯನ್ನು ಅತಿ ಹೆಚ್ಚು ಏರಿಳಿಸುವ ಸಾಮಾನ್ಯ ಜೀನು ಯಾವುದು ಗೊತ್ತಾ? ತಯಾರಿಸುವುದೂ ಅಲ್ಲ, ಒಡೆಯುವುದೂ ಅಲ್ಲ. ಹೊತ್ತು ತಿರುಗುವ ಜಿಸಿ.

ಈ ಪ್ರೋಟೀನಿನ ಇತಿಹಾಸವೂ ಸ್ವಾರಸ್ಯಕರ. 1959ರಲ್ಲಿ ಹಿರ್ಷ್‌ಫೆಲ್ಡ್ ಎಂಬ ವಿಜ್ಞಾನಿ ರಕ್ತದಲ್ಲಿ ಇದನ್ನು ಗುರುತಿಸಿದಾಗ ಇದರ ಕೆಲಸ ಏನು ಅಂತಲೇ ಗೊತ್ತಿರಲಿಲ್ಲ. ಜನರಿಂದ ಜನರಿಗೆ ಇದರ ಬಗೆ ಬೇರೆ ಬೇರೆ ಇರುತ್ತೆ ಅನ್ನೋದಷ್ಟೇ ಗೊತ್ತಿತ್ತು. ಹಾಗಾಗಿ ಜನಾಂಗಗಳ ಅಧ್ಯಯನಕ್ಕೆ, ತಂದೆ ಯಾರು ಎಂಬ ತಕರಾರು ಬಗೆಹರಿಸೋದಕ್ಕೆ ಬಳಸುತ್ತಿದ್ದರು. ಇದು ವಿಟಮಿನ್ ಡಿಯನ್ನು ಹೊರುವ ಪ್ರೋಟೀನು ಅಂತ ತಿಳಿದದ್ದು 1975ರಲ್ಲಿ.

ರಕ್ತದಲ್ಲಿರುವ ವಿಟಮಿನ್ ಡಿಯಲ್ಲಿ ಶೇ. 85ರಿಂದ 90ರಷ್ಟು ಈ ಪ್ರೋಟೀನಿಗೆ ಅಂಟಿಕೊಂಡಿರುತ್ತೆ. ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿಗೆ. ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡುವುದು ಶೇ. 1ಕ್ಕಿಂತ ಕಡಿಮೆ. ಆದರೆ ಮೈಯ ಹೆಚ್ಚಿನ ಜೀವಕೋಶಗಳ ಒಳಗೆ ಸುಲಭವಾಗಿ ಹೋಗುವುದು ಈ ಬಿಡಿ ಭಾಗವೇ.

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ರಸ್ತೆಯಲ್ಲಿ ಓಡಾಡುವ ಟ್ಯಾಂಕರುಗಳಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕುವುದು ಒಂದು. ಮನೆಯ ನಲ್ಲಿಯಲ್ಲಿ ಎಷ್ಟು ನೀರು ಬರುತ್ತಿದೆ ಅಂತ ನೋಡುವುದು ಇನ್ನೊಂದು. ಲ್ಯಾಬ್ ರಿಪೋರ್ಟು ಹೇಳುವುದು ಮುಖ್ಯವಾಗಿ ಟ್ಯಾಂಕರಿನ ಲೆಕ್ಕ. ಕೆಲವರು ಹುಟ್ಟಿನಿಂದಲೇ ಕಡಿಮೆ ಟ್ಯಾಂಕರ್ ಇರುವ ಜಿಸಿ ಬಗೆಯನ್ನು ಪಡೆದಿರುತ್ತಾರೆ. ಅವರ ಒಟ್ಟು ಅಂಕಿ ಕಡಿಮೆಯೇ ಬರುತ್ತೆ. ಅಷ್ಟರಿಂದಲೇ ನಲ್ಲಿ ಒಣಗಿದೆ ಅಂತ ಹೇಳೋಕೆ ಆಗಲ್ಲ.

ಇದು ಬರೀ ಊಹೆ ಅಲ್ಲ ಅನ್ನೋದಕ್ಕೆ ಕೆನಡಾದ ಒಂದು ಪ್ರಕರಣ ಇದೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿಯಾದದ್ದು. ಒಬ್ಬ ಮಹಿಳೆಯ ವಿಟಮಿನ್ ಡಿ ತೀರಾ ತಳಮಟ್ಟದಲ್ಲಿತ್ತು. ಎಷ್ಟೇ ಕೊಟ್ಟರೂ ಏರುತ್ತಿರಲಿಲ್ಲ. ಜೀನು ಪರೀಕ್ಷಿಸಿದರೆ ಜಿಸಿ ಜೀನಿನ ಎರಡೂ ಪ್ರತಿಗಳೇ ಇಲ್ಲ! ಟ್ಯಾಂಕರುಗಳೇ ಇಲ್ಲದ ಊರು. ಅವರಿಗೆ ಬೆನ್ನಿನ ಕೀಲುಗಳ ಕಾಯಿಲೆ ಇತ್ತು, ಮೂಳೆ ಮುರಿತವೂ ಆಗಿತ್ತು. ಆದರೆ ಅಷ್ಟು ಕಡಿಮೆ ಅಂಕಿ ಇರುವವರಲ್ಲಿ ಇರಲೇಬೇಕಾದ ಮೂಳೆ ಮೆತ್ತಗಾಗುವ ರೋಗ ಇರಲಿಲ್ಲ, ಕ್ಯಾಲ್ಸಿಯಂ ಕೂಡ ಸಹಜವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2013ರಲ್ಲಿ ಅದೇ ಜರ್ನಲಿನಲ್ಲಿ ಅಮೆರಿಕದ ಕಪ್ಪು ಜನರ ಬಗ್ಗೆ ಒಂದು ಅಧ್ಯಯನ ಬಂತು. ಅವರ ವಿಟಮಿನ್ ಡಿ ಅಂಕಿ ಬಿಳಿಯರಿಗಿಂತ ಕಡಿಮೆ, ಆದರೆ ಮೂಳೆ ಬಿಳಿಯರಿಗಿಂತ ಗಟ್ಟಿ. ಈ ಒಗಟಿಗೆ ಸಂಶೋಧಕರು ಕೊಟ್ಟ ಉತ್ತರ: ಅವರಲ್ಲಿ ಹೊರುವ ಪ್ರೋಟೀನೇ ಕಡಿಮೆ, ಆದ್ದರಿಂದ ಬಿಡಿ ಭಾಗ ಇಬ್ಬರಲ್ಲೂ ಸಮ. ಕೇಳೋಕೆ ಬಹಳ ಚೆನ್ನಾಗಿತ್ತು. ಆಮೇಲೆ ಗೊತ್ತಾಯಿತು, ಪ್ರೋಟೀನ್ ಅಳೆಯಲು ಬಳಸಿದ ಕಿಟ್ಟೇ ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿರುವ ಜಿಸಿ ಬಗೆಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ ಅಂತ. ಬೇರೆ ವಿಧಾನದಲ್ಲಿ ಅಳೆದರೆ ಪ್ರೋಟೀನ್ ಇಬ್ಬರಲ್ಲೂ ಹೆಚ್ಚೂಕಡಿಮೆ ಒಂದೇ. ಆ ಉತ್ತರ ಬಿದ್ದುಹೋಯಿತು, ಆದರೆ ಒಗಟು ಹಾಗೇ ಉಳಿಯಿತು. ಅಂಕಿ ಕಡಿಮೆ, ಮೂಳೆ ಗಟ್ಟಿ. ಒಂದು ಜನಸಮುದಾಯದ ಮೇಲೆ ತಯಾರಾದ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯುವಾಗ ಎಷ್ಟು ಹುಷಾರಾಗಿರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಹುಟ್ಟಿನ ಲಾಟರಿ ಹೇಳಿದ ಸತ್ಯ

ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು, ಸಕ್ಕರೆ ಕಾಯಿಲೆ ಹೆಚ್ಚು ಅಂತ ನೀವು ಓದಿರುತ್ತೀರಿ. ಅದು ಸುಳ್ಳಲ್ಲ. ಪ್ರಶ್ನೆ ಇರುವುದು ಯಾವುದು ಮೊದಲು ಅನ್ನೋದರಲ್ಲಿ. ಕಾಯಿಲೆ ಬಿದ್ದವರು ಮನೆಯೊಳಗೇ ಇರುತ್ತಾರೆ, ಬಿಸಿಲು ಸಿಗಲ್ಲ. ಬೊಜ್ಜು ಇದ್ದರೆ ವಿಟಮಿನ್ ಡಿ ಅಂಕಿ ಇಳಿಯುತ್ತೆ, ಶುಗರೂ ಬರುತ್ತೆ. ಹೀಗಿರುವಾಗ ವಿಟಮಿನ್ ಡಿ ಕಾರಣವೋ, ಪರಿಣಾಮವೋ, ಬರೀ ಪಕ್ಕದಲ್ಲಿ ನಿಂತ ಸಾಕ್ಷಿಯೋ?

ಇದನ್ನು ಬಗೆಹರಿಸಲು ಸಂಶೋಧಕರು ಜೀನುಗಳನ್ನೇ ಬಳಸಿಕೊಂಡರು. ಯಾರಿಗೆ ಯಾವ ಜೀನು ಬರುತ್ತೆ ಅನ್ನೋದು ಹುಟ್ಟುವಾಗಿನ ಲಾಟರಿ. ಅದಕ್ಕೆ ಬಡವ ಶ್ರೀಮಂತ, ವಾಕಿಂಗ್ ಹೋಗುವವ ಹೋಗದವ ಎಂಬ ಭೇದ ಇಲ್ಲ. ವಿಟಮಿನ್ ಡಿ ಕಡಿಮೆ ಇದ್ದದ್ದರಿಂದಲೇ ಕಾಯಿಲೆ ಬರುವುದಾದರೆ, ಕಡಿಮೆ ಮಾಡುವ ಜೀನುಗಳನ್ನು ಹೊತ್ತು ಹುಟ್ಟಿದವರಿಗೆ ಆ ಕಾಯಿಲೆ ಹೆಚ್ಚು ಬರಬೇಕು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆಯಲ್ಲಿ ಹಾಗೇ ಕಂಡಿತು. ಅಂಥ ಜೀನು ಇದ್ದವರಿಗೆ ಅಪಾಯ ಹೆಚ್ಚಿತ್ತು. ಹೃದಯದ ಕಾಯಿಲೆ, ಮೂಳೆ ಮುರಿತದಂಥವುಗಳಲ್ಲಿ ಒಟ್ಟಾರೆ ಜನಸಂಖ್ಯೆಯನ್ನು ತೆಗೆದುಕೊಂಡು ನೋಡಿದರೆ ಅಂಥ ಸಂಬಂಧ ಗಟ್ಟಿಯಾಗಿ ಕಾಣಲಿಲ್ಲ. ಅಮೆರಿಕದಲ್ಲಿ 25,871 ಜನರಿಗೆ ಐದು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ 2,000 ಯೂನಿಟ್ ಅಥವಾ ಸಪ್ಪೆ ಮಾತ್ರೆ ಕೊಟ್ಟು ನೋಡಿದ ವೈಟಲ್ ಪ್ರಯೋಗವೂ ಇದನ್ನೇ ಹೇಳಿತು. ಕ್ಯಾನ್ಸರ್ ಬರುವುದು, ಹೃದಯಾಘಾತ, ಮೂಳೆ ಮುರಿತ ಯಾವುದೂ ಗಣನೀಯವಾಗಿ ಇಳಿಯಲಿಲ್ಲ. ಆಟೋಇಮ್ಯೂನ್ ಕಾಯಿಲೆಗಳು ಮಾತ್ರ ಸ್ವಲ್ಪ ಕಡಿಮೆಯಾದವು.

ಇದನ್ನು "ವಿಟಮಿನ್ ಡಿ ಬೇಡವೇ ಬೇಡ" ಅಂತ ಓದಬಾರದು. ಆ ಪ್ರಯೋಗದಲ್ಲಿದ್ದ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ. ಹೊಟ್ಟೆ ತುಂಬಿದವರಿಗೆ ಇನ್ನೊಂದು ಮುದ್ದೆ ಬಡಿಸಿದರೆ ಲಾಭ ಇಲ್ಲ ಅಂತ ಗೊತ್ತಾಯಿತು. ಹಸಿದವರಿಗೂ ಊಟ ಬೇಡ ಅಂತ ಅಲ್ಲ.

ಜೀನೇ ಎಲ್ಲವನ್ನೂ ನಿರ್ಧರಿಸುವ ಕೆಲವರು

ಬಹುಪಾಲು ಜನರಲ್ಲಿ ಜೀನಿನ ಪ್ರಭಾವ ಅಂಕಿಯನ್ನು ಅಷ್ಟಿಷ್ಟು ಅಲುಗಾಡಿಸುವುದರಲ್ಲೇ ಮುಗಿಯುತ್ತೆ. ಆದರೆ ಬೆರಳೆಣಿಕೆಯ ಕುಟುಂಬಗಳಲ್ಲಿ ಅದೇ ದೊಡ್ಡ ವಿಷಯ.

ಕಿಡ್ನಿಯಲ್ಲಿ ಕೊನೆಯ ರೂಪ ಕೊಡುವ ಸಿವೈಪಿ27ಬಿ1 ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಗುವಿಗೆ ಎಷ್ಟು ಬಿಸಿಲು ಕಾಯಿಸಿದರೂ, ಎಷ್ಟು ಸ್ಯಾಶೆ ಕೊಟ್ಟರೂ ರಿಕೆಟ್ಸ್ ಬರುತ್ತೆ. ಕಾಲು ಬಿಲ್ಲಿನ ಹಾಗೆ ಬಾಗುತ್ತೆ. ಅಂಥ ಮಗುವಿಗೆ ಬೇಕಾದ್ದು ಸಾಮಾನ್ಯ ವಿಟಮಿನ್ ಡಿ ಅಲ್ಲ, ಕಿಡ್ನಿಯ ಹಂತ ದಾಟಿದ ಸಿದ್ಧ ರೂಪ. ವಿಟಮಿನ್ ಡಿಯ ಮಾತು ಕೇಳಿಸಿಕೊಳ್ಳುವ ರಿಸೆಪ್ಟರಿನ ಜೀನೇ ಕೆಟ್ಟಿದ್ದರೆ ಇನ್ನೊಂದು ಬಗೆಯ ರಿಕೆಟ್ಸ್. ಅದರಲ್ಲಿ ಬಹಳ ಮಕ್ಕಳಿಗೆ ತಲೆಗೂದಲೂ ಇರುವುದಿಲ್ಲ. ಇವೆಲ್ಲಾ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು. ಹಾಗಾಗಿ ಸೋದರಮಾವ, ಅಕ್ಕನ ಮಗಳು ಎಂಬ ಹತ್ತಿರದ ಸಂಬಂಧದ ಮದುವೆ ಇನ್ನೂ ಇರುವ ನಮ್ಮ ಕಡೆ ಇದನ್ನು ಡಾಕ್ಟರುಗಳು ಮರೆಯುವಂತಿಲ್ಲ. ಮಾಮೂಲಿ ಚಿಕಿತ್ಸೆಗೆ ಬಗ್ಗದ ರಿಕೆಟ್ಸ್ ಇದ್ದರೆ ಜೀನ್ ಪರೀಕ್ಷೆ ಮಾಡಿಸುವುದಕ್ಕೆ ಅರ್ಥವಿದೆ.

ತದ್ವಿರುದ್ಧ ದಿಕ್ಕಿನ ಕಥೆಯೂ ಇದೆ. ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ರಿಕೆಟ್ಸ್ ತಡೆಯಲು ಮಕ್ಕಳ ಹಾಲಿನ ಪುಡಿ, ಆಹಾರ, ಮೀನೆಣ್ಣೆ ಎಲ್ಲದರಲ್ಲೂ ವಿಟಮಿನ್ ಡಿ ಇರುತ್ತಿತ್ತು. 1950ರ ದಶಕದ ಮೊದಲ ವರ್ಷಗಳಲ್ಲಿ ಇನ್ನೂರರಷ್ಟು ಕೂಸುಗಳು ವಾಂತಿ, ತೂಕ ಏರದಿರುವುದು, ರಕ್ತದಲ್ಲಿ ಮಿತಿಮೀರಿದ ಕ್ಯಾಲ್ಸಿಯಂ ಇವುಗಳಿಂದ ಆಸ್ಪತ್ರೆ ಸೇರಿದವು. ಅದೇ ಹಾಲು ಕುಡಿದ ಲಕ್ಷಾಂತರ ಮಕ್ಕಳಿಗೆ ಏನೂ ಆಗಿರಲಿಲ್ಲ. ಸರಕಾರ ಬೆರೆಸುವ ಪ್ರಮಾಣವನ್ನು ಇಳಿಸಿತು. ಇವರಿಗೇ ಯಾಕೆ ಅನ್ನುವ ಪ್ರಶ್ನೆ ಅರ್ಧ ಶತಮಾನ ಹಾಗೇ ಉಳಿಯಿತು. 2011ರಲ್ಲಿ ಇಂಥದ್ದೇ ಕಾಯಿಲೆಯ ಮಕ್ಕಳನ್ನು ಪರೀಕ್ಷಿಸಿದ ತಂಡಕ್ಕೆ ಸಿಕ್ಕಿದ್ದು ಕೆಟ್ಟುಹೋದ ಸಿವೈಪಿ24ಎ1, ಅಂದ್ರೆ ನಮ್ಮ ಆ ಕಸದ ಗಾಡಿ. ವಿಟಮಿನ್ ಡಿಯನ್ನು ಒಡೆದು ಹೊರಹಾಕಲು ಆಗದ ಮಕ್ಕಳಿಗೆ ಬೇರೆಯವರಿಗೆ ಔಷಧಿಯಾದ ಪ್ರಮಾಣವೇ ವಿಷ. ಬ್ರಿಟನ್ನಿನ ಆ ಕೂಸುಗಳಲ್ಲಿ ಕೆಲವಕ್ಕಾದರೂ ಇದೇ ತೊಂದರೆ ಇದ್ದಿರಬಹುದು. ದೊಡ್ಡವರಲ್ಲೂ ಇದು ಮರುಕಳಿಸುವ ಕಿಡ್ನಿ ಕಲ್ಲಿನ ರೂಪದಲ್ಲಿ ಕಾಣಿಸಿಕೊಳ್ಳುತ್ತೆ.

ಹೀಗಾಗಿ "ವಿಟಮಿನ್ ತಾನೇ, ಹೆಚ್ಚಾದರೆ ಏನಾಗುತ್ತೆ" ಅನ್ನುವ ಧೈರ್ಯ ಒಳ್ಳೆಯದಲ್ಲ. ನೀರಿನಲ್ಲಿ ಕರಗುವ ವಿಟಮಿನ್ನುಗಳ ಹಾಗೆ ಇದು ಮೂತ್ರದಲ್ಲಿ ಹೋಗಿಬಿಡಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತೆ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಅಂತ ತಪ್ಪಾಗಿ ತಿಳಿದು 60,000 ಯೂನಿಟ್ಟಿನ ಸ್ಯಾಶೆಯನ್ನು ತಿಂಗಳುಗಟ್ಟಲೆ ತಿಂದು ಕಿಡ್ನಿ ಕೆಡಿಸಿಕೊಂಡವರ ವರದಿಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅವರ ಜೀನುಗಳು ಸರಿಯಾಗಿಯೇ ಇದ್ದಿರಬಹುದು. ಚೀಟಿ ಓದಿ ಹೇಳುವವರು ಇರಲಿಲ್ಲ ಅಷ್ಟೆ.

ನಮ್ಮ ಬಿಸಿಲು, ನಮ್ಮ ಜೀನು

ಇಷ್ಟು ಬಿಸಿಲಿರುವ ದೇಶದಲ್ಲಿ ಕೊರತೆ ಯಾಕೆ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಬೆಂಗಳೂರಿಗೆ ಹೆಚ್ಚೂಕಡಿಮೆ ಅದೇ ಅಕ್ಷಾಂಶದಲ್ಲಿರುವ ತಿರುಪತಿಯಲ್ಲಿ ನಡೆದ ಅಧ್ಯಯನಗಳು ಒಳ್ಳೆಯ ಉತ್ತರ ಕೊಡುತ್ತವೆ. ಅಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವ ಹಳ್ಳಿಯ ಜನರ ವಿಟಮಿನ್ ಡಿ ಪಟ್ಟಣದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಆ ಸೀಮೆಯ ಬಿಸಿಲಿನಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ ಅನ್ನೋದೂ ಗೊತ್ತಾಯಿತು. ಅಜ್ಜಿಯಂದಿರು ಕೂಸಿಗೆ ಕಾಯಿಸುವ ಎಳೆ ಬಿಸಿಲು ಹಿತವಾದದ್ದೇ, ಆದರೆ ಅದರಲ್ಲಿ ಯುವಿ-ಬಿ ಬಹಳ ಕಡಿಮೆ. ಕಿಟಕಿಯ ಗಾಜಿನ ಹಿಂದೆ ಕೂತರೆ ಅದೂ ಇಲ್ಲ.

ಚರ್ಮದ ಬಣ್ಣದಲ್ಲೂ ಜೀನಿನ ಪಾತ್ರವಿದೆ. ಮೆಲನಿನ್ ಹೆಚ್ಚಿದ್ದಷ್ಟೂ ಅಷ್ಟೇ ವಿಟಮಿನ್ ಡಿ ಮಾಡಲು ಹೆಚ್ಚು ಹೊತ್ತು ಬಿಸಿಲು ಬೇಕು. ಚರ್ಮವನ್ನು ತಿಳಿಯಾಗಿಸುವ ಎಸ್‌ಎಲ್‌ಸಿ24ಎ5 ಜೀನಿನ ಒಂದು ಬಗೆ ಯುರೋಪಿನವರಲ್ಲೂ ನಮ್ಮಲ್ಲೂ ಒಂದೇ ಮೂಲದಿಂದ ಬಂದದ್ದು ಅಂತ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಪಾಲ್ಗೊಂಡ 2013ರ ಅಧ್ಯಯನ ತೋರಿಸಿತು. ಭಾರತದೊಳಗೆ ಸಮುದಾಯದಿಂದ ಸಮುದಾಯಕ್ಕೆ ಅದರ ಪ್ರಮಾಣ ಬೇರೆ ಬೇರೆ. ಆದರೆ ಹೊಲದ ಕೂಲಿಯವರ ಅಂಕಿಯೇ ಹೇಳುವ ಹಾಗೆ, ಕಪ್ಪು ಚರ್ಮ ಬಿಸಿಲಿಗೆ ಬಿದ್ದರೆ ತನ್ನ ಕೆಲಸ ಮಾಡಿಕೊಳ್ಳುತ್ತೆ. ಕೊರತೆ ಬಣ್ಣದ್ದಲ್ಲ, ಬಿಸಿಲಿಗೆ ಬೀಳುವ ಅವಕಾಶದ್ದು.

ಇನ್ನೊಂದು ಮಾತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೈ ಇರುವ ವಿಟಮಿನ್ ಡಿಯನ್ನು ಬೇಗ ಬೇಗ ಖರ್ಚು ಮಾಡುತ್ತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ತಟ್ಟೆಯಿಂದ ಮುದ್ದೆ ಜಾರಿಹೋದದ್ದಕ್ಕೂ ವಿಟಮಿನ್ ಡಿ ಅಂಕಿಗೂ ಹೀಗೊಂದು ನಂಟಿದೆ.

ಜೀನುಗಳ ವಿಷಯಕ್ಕೆ ಬಂದರೆ ಮೇಲೆ ಹೇಳಿದ ದೊಡ್ಡ ಅಧ್ಯಯನಗಳೆಲ್ಲಾ ಯುರೋಪ್ ಮೂಲದವರ ಮೇಲೆ ನಡೆದವು. ಆ ಲೆಕ್ಕದಲ್ಲಿ ತಯಾರಾದ "ಜೆನೆಟಿಕ್ ಸ್ಕೋರ್" ಮಂಡ್ಯದವರಿಗೋ ಕಲಬುರಗಿಯವರಿಗೋ ಹಾಗೇ ಹೊಂದುತ್ತೆ ಅನ್ನೋಕೆ ಆಧಾರ ಇಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ ಸುಮಾರು ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ ಮುಗಿಸಿದೆ. 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದುಕೊಂಡಿತು. ನಮ್ಮ ಉತ್ತರಗಳು ಅಲ್ಲಿಂದ ಬರಬೇಕು. ಅಲ್ಲಿಯವರೆಗೆ "ನಿಮ್ಮ ಜೀನಿಗೆ ತಕ್ಕ ವಿಟಮಿನ್ ಡಿ" ಅಂತ ಮಾರುವ ಕಿಟ್ಟುಗಳನ್ನು ಆರೋಗ್ಯವಂತರು ಕೊಳ್ಳಬೇಕಾದ ಅಗತ್ಯ ಇಲ್ಲ. ಫಲಿತಾಂಶ ಏನೇ ಬಂದರೂ ಕೊನೆಗೆ ಹೇಳುವುದು ಅದೇ ಬಿಸಿಲು, ಅದೇ ಊಟ, ಅದೇ ಮಾತ್ರೆ.

ಹಾಗಾದರೆ ಏನು ಮಾಡೋಣ?

ಮೊದಲನೆಯದು, ಕೆಂಪು ಅಂಕಿ ನೋಡಿ ಗಾಬರಿಯಾಗಬೇಡಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಹೇಳಿದ 20 ನ್ಯಾನೋಗ್ರಾಂ ಎಂಬ ಮಟ್ಟ ಹೆಚ್ಚೂಕಡಿಮೆ ಎಲ್ಲರ ಅಗತ್ಯವನ್ನೂ ಮುಟ್ಟುವ ಮಟ್ಟ. ಅದಕ್ಕಿಂತ ಕೆಳಗಿರುವ ಎಲ್ಲರಿಗೂ ಕೊರತೆ ಇದೆ ಅಂತ ಅದರ ಅರ್ಥ ಅಲ್ಲ. ಅರ್ಧದಷ್ಟು ಜನರ ಅಗತ್ಯ 16ಕ್ಕೇ ಪೂರೈಸುತ್ತೆ. 12ಕ್ಕಿಂತ ಕೆಳಗಿದ್ದರೆ ಚಿಂತೆ ಮಾಡಬೇಕಾದ್ದೇ. 30 ದಾಟಲೇಬೇಕು ಎಂದು ಹಿಂದೆ ಹೇಳಿದ್ದ ಎಂಡೋಕ್ರೈನ್ ಸೊಸೈಟಿ 2024ರ ಹೊಸ ಮಾರ್ಗಸೂಚಿಯಲ್ಲಿ ಆ ಮಾತನ್ನು ಕೈಬಿಟ್ಟಿದೆ. ಆರೋಗ್ಯವಂತ ದೊಡ್ಡವರಿಗೆ ಸುಮ್ಮಸುಮ್ಮನೆ ಪರೀಕ್ಷೆಯೇ ಬೇಡ ಅಂತಲೂ ಹೇಳಿದೆ. ನಮ್ಮ ಲ್ಯಾಬುಗಳ ರಿಪೋರ್ಟಿನಲ್ಲಿ ಮಾತ್ರ 30ರ ಗೆರೆ ಇನ್ನೂ ಬಹಳ ಕಡೆ ಹಾಗೇ ಇದೆ.

ಎರಡನೆಯದು, ಪರೀಕ್ಷೆ ನಿಜಕ್ಕೂ ಬೇಕಾದವರು ಇದ್ದಾರೆ. ಮೂಳೆ ನೋವು, ಸ್ನಾಯು ಸೋತ ಹಾಗಾಗಿ ಎದ್ದು ನಿಲ್ಲೋಕೆ ಕಷ್ಟ, ಮಕ್ಕಳಲ್ಲಿ ಬಾಗಿದ ಕಾಲು, ಕಿಡ್ನಿ ಅಥವಾ ಲಿವರಿನ ಕಾಯಿಲೆ, ಫಿಟ್ಸಿನ ಕೆಲವು ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಯನ್ನು ಮುಂದೂಡಬಾರದು. ಎದೆಹಾಲಿನಲ್ಲಿ ವಿಟಮಿನ್ ಡಿ ಕಡಿಮೆ ಇರುವುದರಿಂದ ಕೂಸುಗಳಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡಿ ಅಂತ ನಮ್ಮ ಮಕ್ಕಳ ತಜ್ಞರ ಸಂಘವೇ ಹೇಳುತ್ತೆ.

ಮೂರನೆಯದು, ಶುರುವಿನಲ್ಲಿ ಕೇಳಿದ ಪ್ರಶ್ನೆ: ನಂಗ್ಯಾಕೆ ಏರ್ತಿಲ್ಲ? ಸ್ಯಾಶೆಯನ್ನು ಸರಿಯಾಗಿ, ಕೊಬ್ಬಿನಂಶ ಇರುವ ಊಟದ ಜೊತೆ ತೆಗೆದುಕೊಂಡಿರಾ? ಮೈತೂಕ ಹೆಚ್ಚಿದೆಯಾ? ಹೊಟ್ಟೆ, ಲಿವರಿನ ತೊಂದರೆ ಇದೆಯಾ? ಇವೆಲ್ಲಾ ಇಲ್ಲ ಅಂದರೆ ನಿಮ್ಮ ಜಿಸಿಯೋ ಸಿವೈಪಿ2ಆರ್1ಓ ಸ್ವಲ್ಪ ನಿಧಾನದ ಬಗೆ ಇರಬಹುದು. ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು ಸಹಜವಾಗಿದ್ದು ತೊಂದರೆ ಏನೂ ಇಲ್ಲದಿದ್ದರೆ 26 ನಿಮ್ಮ ಮಟ್ಟಿಗೆ ಒಳ್ಳೆಯ ಅಂಕಿಯೇ. ಪಕ್ಕದವರ 45ನ್ನು ಮುಟ್ಟಲು ಡೋಸ್ ಏರಿಸಿಕೊಳ್ಳುತ್ತಾ ಹೋಗಬೇಕಿಲ್ಲ.

ನಾಲ್ಕನೆಯದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸಿಗೆ ಬೆಳಿಗ್ಗೆ ಹೋಗಿ ಸಂಜೆ ಹೊರಬರುವ ಹೆಣ್ಣುಮಗಳಿಗೆ 11ರಿಂದ 2ರ ಬಿಸಿಲು ಕಾಣುವುದು ಭಾನುವಾರ ಮಾತ್ರ. ಆ ದಿನ ಬಟ್ಟೆ ಒಗೆಯುವುದು, ರೇಷನ್ ತರುವುದು ಇರುತ್ತೆ. ಅವಳ ಜೀನು ಯಾವ ಬಗೆಯದ್ದಾದರೂ ಏನು ವ್ಯತ್ಯಾಸ? ಅವಳಿಗೆ ಹೆಲ್ತ್ ಪ್ಯಾಕೇಜೂ ಇಲ್ಲ, ಸ್ಯಾಶೆಯೂ ಇಲ್ಲ. ಮಧ್ಯಾಹ್ನ ಹೊರಗೆ ಅರ್ಧ ಗಂಟೆ ಕೂತು ಊಟ ಮಾಡುವ ಜಾಗ, ಮಕ್ಕಳಿಗೆ ಶಾಲೆಯ ಬಯಲಿನಲ್ಲಿ ಆಟದ ಪೀರಿಯಡ್ಡು, ಬಿಸಿಯೂಟದ ಮೊಟ್ಟೆ, ರೇಷನ್ನಿನಲ್ಲಿ ರಾಗಿ, ವಿಟಮಿನ್ ಡಿ ಬೆರೆಸಿದ ಹಾಲು ಮತ್ತು ಎಣ್ಣೆ ಬಡವರ ಕೈಗೆಟಕುವ ಬೆಲೆಯಲ್ಲಿ. ಇವೆಲ್ಲಾ ಜೀನು ಕೇಳದೆ ಎಲ್ಲರಿಗೂ ತಲುಪುವ ಔಷಧಿಗಳು.

ಜೀನನ್ನು ಬದಲಾಯಿಸಿಕೊಳ್ಳಲು ಯಾರಿಂದಲೂ ಆಗಲ್ಲ. ಮಧ್ಯಾಹ್ನದ ಊಟದ ಬಿಡುವನ್ನು ಬದಲಾಯಿಸಲು ಒಂದು ಸುತ್ತೋಲೆ ಸಾಕು.